ಬೆಳಕವಾಡಿಯ ಬಿರಡೆ

ಸಮಸ್ತ ಮಹಾಜನಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಹುಧಾನ್ಯ ಸಂವತ್ಸರದ ಭಾದ್ರಪದ ಬಹುಳ ಅಮಾವಾಸ್ಯೆಯ ದಿನ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮಳವಳ್ಳಿ ತಾಲ್ಲೂಕು ಬೆಳಕವಾಡಿ ಗ್ರಾಮದಲ್ಲಿ ಒಂದು ಬಿರಡೆಯನ್ನು ಕೀಳಲಾಗುವುದು. ಕೀಳುವವರು ಗಾಡಿ ಕೆಂಪಸಿದ್ದಯ್ಯನವರು. ಅಧ್ಯಕ್ಷತೆ ಕೇರಿಯ ಹಿರಿಯರಾದ ದೊಡ್ಡಸಿದ್ದಯ್ಯನವರದು.

ಹೀಗೆಂದು ಯಾರೂ ಡಂಗುರ ಹೊಡೆಸಲಿಲ್ಲ. ಹೊಡೆಸುವ ಅಗತ್ಯವೂ ಇರಲಿಲ್ಲ, ಕೆಂಪಸಿದ್ದಯ್ಯನ ಪಕ್ಕದ ಮನೆಯ ಮರಿತಾಯಮ್ಮನಿಗೆ ವಿಷಯ ಗೊತ್ತಾಗಿತ್ತು. ಬಿರಡೆ ಎಂದರೆ ಬಾಟ್ಲಿಯ ಬಾಯಿಗೆ ಜಡಿದ ಬೆಂಡು, ಹೆಬ್ಬೆಟ್ಟಿನಷ್ಟು ಗಾತ್ರದ್ದು. ಅಷ್ಟಕ್ಕೆ ಇಷ್ಟು ಸಡಗರವೇ ಎಂದು ಕೇಳುವವರು ಇಪ್ಪತ್ಮೂರು ವರ್ಷ ಬಾಯಾರಿ ಕುಳಿತವರಲ್ಲ.

ಬಾಟ್ಲಿ ಊರಿಗೆ ಬಂದದ್ದು ಶ್ರಾವಣದಲ್ಲಿ. ಕೆಂಪಸಿದ್ದಯ್ಯನದು ಜೋಡೆತ್ತಿನ ಗಾಡಿ. ಮಳವಳ್ಳಿಗೂ ಶಿವನಸಮುದ್ರಕ್ಕೂ ನಡುವೆ ಭತ್ತ, ಬೆಲ್ಲ, ಬೀಗರು, ಏನು ಸಿಕ್ಕಿದರೂ ಸಾಗಿಸುತ್ತಿದ್ದ. ಕರೆಂಟಿನ ಯಂತ್ರ ನೋಡಲು ಹೊರಟಿದ್ದ ಒಬ್ಬ ಪರದೇಶಿ ಎಂಜಿನಿಯರನ ಮೋಟಾರು ಬೆಳಕವಾಡಿಯ ಹತ್ತಿರ ಕೆಟ್ಟು ನಿಂತಿತು. ದೊರೆ ಪೆಟ್ಟಿಗೆ ಸಮೇತ ಗಾಡಿ ಹತ್ತಿದ. ಅರ್ಧ ದಾರಿಯಲ್ಲಿ ಅವನು ತನ್ನ ಭಾಷೆಯಲ್ಲಿ ಏನೋ ಗೊಣಗಿದ. ಆ ಗೊಣಗಾಟ ಕಿವಿಗೆ ಬಿದ್ದದ್ದೇ, ಕೆಂಪಸಿದ್ದಯ್ಯ ನಾಲಗೆಯಡಿಯಲ್ಲಿ ಮಡಿಸಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು.

“ಮೆರ್ಸಿ, ಮದಾಂ,” ಎಂದ.

ದೊರೆಯ ಸೀಮೆಯ ಮಾತಲ್ಲಿ ಅವನಿಗೆ ಬರುತ್ತಿದ್ದುದು ಅದೊಂದೇ. ‘ಉಪಕಾರವಾಯಿತು’ ಎಂದು ಅದರ ಅರ್ಥ ಅನ್ನುವಷ್ಟು ತಿಳಿದಿತ್ತು. ಅದರೊಳಗೆ ಒಬ್ಬ ಅಮ್ಮಾವರೂ ಕೂತಿದ್ದಾರೆ, ಗಡ್ಡ ಬಿಟ್ಟ ಗಂಡಸಿಗೆ ಅದು ಹೊಂದುವುದಿಲ್ಲ ಎಂಬುದು ತಿಳಿದಿರಲಿಲ್ಲ. ದೊರೆ ಮೊದಲು ನಕ್ಕ. ಆಮೇಲೆ ಕೈಸನ್ನೆಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ ವಿಚಾರಿಸಿದ. ಈ ಗಾಡಿಯವನು ಹಿಂದಿನ ದೊಡ್ಡ ಯುದ್ಧದಲ್ಲಿ ತನ್ನ ದೇಶದ ಕೆಸರಿನಲ್ಲಿ ಹೇಸರಗತ್ತೆ ಹೊಡೆದವನು ಎಂದು ಗೊತ್ತಾದಾಗ ನಗು ನಿಲ್ಲಿಸಿದ. ಬಂಗಲೆಯ ಮುಂದೆ ಇಳಿದು ಪೆಟ್ಟಿಗೆ ತೆರೆದು, ಅಂಗಿಯಲ್ಲಿ ಸುತ್ತಿಟ್ಟಿದ್ದ ಒಂದು ಬಾಟ್ಲಿಯನ್ನು ಎರಡೂ ಕೈಯಲ್ಲಿ ಕೊಟ್ಟ. ಕಪ್ಪು ಗಾಜು, ದಪ್ಪ ತಳ, ಬಿರಡೆಗೆ ತಂತಿಯ ಲಗಾಮು. ಅಂಟಿಸಿದ ಚೀಟಿಯ ಮೇಲೆ ನಿಲುವಂಗಿ ತೊಟ್ಟ, ಬೋಳುತಲೆಯ ಒಬ್ಬ ಸ್ವಾಮಿಯ ಚಿತ್ರ.

ಕೆಂಪಸಿದ್ದಯ್ಯನಿಗೆ ಆ ಸ್ವಾಮಿಯ ಗುರುತು ಹತ್ತಿತು. ಬಾಟ್ಲಿಯನ್ನು ಗಾಡಿಯ ಹುಲ್ಲಿನೊಳಗೆ ಮಲಗಿಸಿದ.

ಆ ಸ್ವಾಮಿಯನ್ನು ಅವನು ಮೊದಲ ಸಲ ನೋಡಿದ್ದು ಲಿಂಗಯ್ಯನ ಜೊತೆ. ಇಬ್ಬರೂ ಒಂದೇ ಕೇರಿಯವರು, ಒಂದೇ ವಯಸ್ಸಿನವರು. ಬೆಂಗಳೂರು ದಂಡಿನಲ್ಲಿ ಹೇಸರಗತ್ತೆ ಮೇಯಿಸುವ ಕೆಲಸವಿದೆಯೆಂದು ಹೋದವರನ್ನು ಕತ್ತೆಗಳ ಜೊತೆಗೇ ಹಡಗು ಹತ್ತಿಸಿದರು. ಇಳಿಸಿದ ಕಡೆ ಮಂಜು, ಮೊಳಕಾಲುದ್ದ ಕೆಸರು, ತಲೆಯ ಮೇಲೆ ಗುಂಡು. ಆ ದೇಶದ ಹೆಸರು ಬೆಲ್ಜಿಯಂ ಎಂದು ಯಾರೋ ಹೇಳಿದಾಗ ಲಿಂಗಯ್ಯ, “ಬೆಲ್ಲ ಅನ್ನಕ್ಕೋಗಿ ಅರ್ಧಕ್ಕೇ ಬಾಯ್ ಎಪ್ಗಟ್ಟದೆ ಕಣ್ಲಾ, ಸಳಿಗೆ” ಎಂದಿದ್ದ.

ಒಂದು ಸಂಜೆ, ಮುರಿದ ಸೂರಿನ ಒಂದು ಕೊಟ್ಟಿಗೆಯಲ್ಲಿ ಹಸು ಕರು ಹಾಕಲಾರದೆ ನರಳುತ್ತಿತ್ತು. ಮನೆಯಲ್ಲಿದ್ದವಳು ಒಬ್ಬಳೇ ಮುದುಕಿ. ಇಬ್ಬರೂ ಅಂಗಿ ಕಳಚಿ, ಅಡ್ಡ ಬಿದ್ದಿದ್ದ ಕರುವನ್ನು ಒಳಗೇ ತಿರುಗಿಸಿ, ಕಾಲು ಹಿಡಿದು ಎಳೆದು ಹಾಕಿದರು. ಮುದುಕಿ ನೆಲಮಾಳಿಗೆಗೆ ಇಳಿದು ಧೂಳು ಹಿಡಿದ ಬಾಟ್ಲಿ ತಂದಳು. ಚೀಟಿಯ ಮೇಲಿನ ಸ್ವಾಮಿಯನ್ನು ತೋರಿಸಿ, ಕಿಟಕಿಯಾಚೆ ದೂರದ ಮಠವನ್ನು ತೋರಿಸಿ, ಆ ಮಠದವರೇ ಕಾಯಿಸಿದ ಬಿಯರನ್ನು ಲೋಟಕ್ಕೆ ಬಗ್ಗಿಸಿದಳು. ಮನೆಯಲ್ಲಿ ಒಡೆಯದೆ ಉಳಿದಿದ್ದುದು ಒಂದೇ ಲೋಟ.

ಬಣ್ಣ ಬೆಲ್ಲದ ಕೊಪ್ಪರಿಗೆಯ ತಳದ್ದು. ಮೇಲೆ ಎರಡು ಬೆರಳು ನೊರೆ, ಆಗತಾನೆ ಕರೆದ ಹಾಲಿನ ಮೇಲೆ ನಿಲ್ಲುವಂಥದ್ದು, ಆದರೆ ಕಂದು. ಲಿಂಗಯ್ಯ ಮೊದಲು ಕುಡಿದ. ಕಣ್ಣು ಮುಚ್ಚಿದವನು ತೆರೆಯಲೇ ಇಲ್ಲ.

“ಏನ್ಲಾ, ಓದ್ಯಾ?” ಎಂದ ಕೆಂಪಸಿದ್ದಯ್ಯ.

“ಊಂ ಕಣ್ಲಾ. ಊರ್ಗೋದೆ. ಆಲೆಮನೆ ಒಲೆ ಮುಂದೆ ಕೂತಿವ್ನಿ. ಎಬ್ಬುಸ್ಬ್ಯಾಡ.”

ಆಮೇಲೆ ಲೋಟ ಕೆಂಪಸಿದ್ದಯ್ಯನ ಕೈಗೆ ಬಂತು. ನಾಲಗೆಯ ತುದಿಗೆ ಮೊದಲು ಸೀದ ಬೆಲ್ಲ. ಅದು ಕರಗುವ ಮುಂಚೆ ಒಣದ್ರಾಕ್ಷಿ, ಅದರ ಬೆನ್ನಿಗೆ ಹಳೇ ಹುಣಸೆಹಣ್ಣಿನ ಹುಳಿ, ಇದ್ದೂ ಇಲ್ಲದಂತೆ. ನಡುನಾಲಗೆಗೆ ಬಂದಾಗ ಹೆಂಚಿನ ಮೇಲೆ ಅಂಚು ಕರಕಾದ ರಾಗಿರೊಟ್ಟಿ. ಗಂಟಲಲ್ಲಿ ಲವಂಗ. ಇಳಿದಾದ ಮೇಲೆ ಒಂದು ಕಹಿ, ಜಗಳವಾಡದ ಕಹಿ, ಸುಮ್ಮನೆ ಬಂದು ಪಕ್ಕದಲ್ಲಿ ಕೂರುವಂಥದ್ದು. ಕೊನೆಗೆ ಎದೆಯಲ್ಲಿ ಬೂದಿ ಮುಚ್ಚಿದ ಕೆಂಡದ ಬಿಸಿ. ಹೆಂಡ ತಲೆಗೆ ಹೋಗುತ್ತದೆ, ಸಾರಾಯಿ ಕಾಲಿಗೆ ಹೋಗುತ್ತದೆ. ಇದು ಊರಿಗೆ ಹೋಯಿತು.

“ಇದ ನನ್ ನಂಜಿ ಒಂದ್ ಗುಟುಕು ಕುಡೀಬೇಕು ಕಣ್ಲಾ,” ಎಂದ ಲಿಂಗಯ್ಯ. “ಬಾಯಲ್ ಯೋಳುದ್ರೆ ನಂಬಕಿಲ್ಲ ಅವ್ಳು.”

ಹತ್ತು ದಿನದ ಮೇಲೆ ಅವನು ಗುಂಡಿನ ಪೆಟ್ಟಿಗೆ ಹೊತ್ತ ಹೇಸರಗತ್ತೆ ಹಿಡಿದುಕೊಂಡು ಮಂಜಿನೊಳಗೆ ಹೋದ. ಮಂಜು ಬಿಟ್ಟಿತು. ಲಿಂಗಯ್ಯ ಇರಲಿಲ್ಲ.

ಕೆಂಪಸಿದ್ದಯ್ಯ ಒಬ್ಬನೇ ಊರಿಗೆ ಬಂದ. ಲಿಂಗಯ್ಯನ ಹೆಂಡತಿ ಚಿಕ್ಕನಂಜಮ್ಮನಿಗೆ ಕೊಡಲು ಅವನ ಹತ್ತಿರ ಇದ್ದದ್ದು ಒಂದು ಮಾತು, ಒಂದು ರುಚಿ. ಮಾತನ್ನು ಕೊಟ್ಟ. ರುಚಿ ಕೊಡಲು ಬರಲಿಲ್ಲ.

“ಎಂಗಿತ್ತು ಕೆಂಪಣ್ಣ?” ಎಂದು ಅವಳು ಕೇಳಿದಳು. ಗಂಡನ ಬಾಯಿ ಕೊನೆಗೆ ಸುಖಪಟ್ಟದ್ದು ಏನು ಎಂದು ತಿಳಿಯುವ ಆಸೆ. ಮೊದಲ ವರ್ಷ ದಿನಾ ಕೇಳಿದಳು, ಆಮೇಲೆ ಹಬ್ಬ ಹರಿದಿನಕ್ಕೆ, ಆಮೇಲೆ ಗಾಡಿ ಮನೆ ಮುಂದೆ ಹಾದಾಗ. ಕೆಂಪಸಿದ್ದಯ್ಯ ಪ್ರತಿ ಸಲವೂ ಎತ್ತು ನಿಲ್ಲಿಸಿ ಹೇಳಿದ. ಅವನ ಹೆಂಡತಿ ಪ್ಲೇಗಿನಲ್ಲಿ ಹೋಗಿದ್ದಳು. ಮತ್ತೆ ಯಾಕೆ ಮದುವೆಯಾಗಲಿಲ್ಲ ಎಂದು ಊರು ಕೇಳಿದರೆ ಎತ್ತುಗಳ ಕಡೆ ನೋಡುತ್ತಿದ್ದ. ಚಿಕ್ಕನಂಜಮ್ಮ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಎರಡಕ್ಷರದ ಮಾತು, ಆದರೆ ಒಳಗಿನಿಂದ ಹಾಕಿದ ಅಗುಳಿ.

ಈಚೆಗೆ ಅವನಿಗೊಂದು ಭಯ ಹತ್ತಿತ್ತು. ರುಚಿ ಸವೆಯುತ್ತಿತ್ತು. ಒಂದು ಸಲ ಲವಂಗ ಎಂದದ್ದನ್ನು ಇನ್ನೊಂದು ಸಲ ಏಲಕ್ಕಿ ಎಂದ. ಅವಳು ಅವನ ಮುಖ ನೋಡಿದಳು, ಅಷ್ಟೆ. ಆ ನೋಟಕ್ಕೆ ಹೆದರಿ ಅವನು ತಾನೇ ಆ ಪಾನಕ ತಯಾರಿಸಲು ಕೈಹಾಕಿದ. ಮೊಳಕೆ ರಾಗಿ ಹುರಿದು, ಕೊಪ್ಪರಿಗೆಯ ತಳ ಕೆರೆದ ಬೆಲ್ಲ ಸೇರಿಸಿ, ಮಡಕೆಯ ಬಾಯಿ ಕಟ್ಟಿಟ್ಟ. ಮೊದಲ ಮಡಕೆ ಹೆಂಚಿನ ಮೂಲಕ ಆಕಾಶಕ್ಕೆ ಹೋಯಿತು. ಎರಡನೆಯದನ್ನು ಎಮ್ಮೆ ಕುಡಿದು ಮೂರು ದಿನ ಯಾರಿಗೂ ದಾರಿ ಬಿಡಲಿಲ್ಲ. ಮೂರನೆಯದರಲ್ಲಿ ಮರಿತಾಯಮ್ಮ ಮಾವಿನಕಾಯಿ ಹಾಕಿದಳು, ಉಪ್ಪಿನಕಾಯಿ ಚೆನ್ನಾಗಿತ್ತು.

ಈಗ ನಿಜವಾದ ಬಾಟ್ಲಿಯೇ ಬಂದಿತ್ತು. ಒಬ್ಬನೇ ಕುಡಿಯಬಹುದಾಗಿತ್ತು. ಅವನು ಗಾಡಿ ತಿರುಗಿಸಿದ್ದು ಚಿಕ್ಕನಂಜಮ್ಮನ ಮನೆಗೆ. ಅವಳು ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು.

“ಬಾಟ್ಲಿ ತಂದಿವ್ನಿ ನಂಜವ್ವ.”

“ಯಾವ್ ಬಾಟ್ಲಿ?”

“ಅದೇ.”

ಮೊರ ನಿಂತಿತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಚೀಟಿಯ ಮೇಲಿನ ಸ್ವಾಮಿಯನ್ನು ಮುಟ್ಟಿದಳು.

“ಇವ್ರೇನಾ ಮಾಡೋರು? ಸ್ವಾಮ್ಗೋಳು ಯಂಡ ಕಾಯುಸ್ತಾರಾ?”

“ಅಲ್ಲಿ ಸ್ವಾಮ್ಗೋಳು ಕಾಯುಸ್ತಾರೆ. ನಮ್ ಸ್ವಾಮ್ಗೋಳು ನಮ್ಮುನ್ನೇ ಕಾಯುಸ್ತಾರೆ, ಮಠದ್ ಬಾಗ್ಲಲ್ಲಿ.”

ಅವಳು ನಗಲಿಲ್ಲ. “ಕುಡುದ್ಯಾ?”

“ನೀನಿಲ್ದೆ ಎಂಗ್ ಕುಡೀಲಿ?” ಎಂದುಬಿಟ್ಟು ಕೆಂಪಸಿದ್ದಯ್ಯ ಎತ್ತುಗಳ ಕಡೆ ನೋಡಿದ.

“ಒಂದ್ ಬಾಟ್ಲೀಲಿ ನೀನೂ ನಾನೂ ಕುಡುದ್ರೆ, ಮರಿತಾಯಮ್ಮ ಮಳವಳ್ಳಿ ಸಂತೇಲಿ ಯೋಳ್ತಾಳೆ ಕಣಣ್ಣ.”

“ಅದ್ಕೇ ಯೋಚ್ನೆ ಮಾಡಿವ್ನಿ. ಅಮಾಸೆಗೆ ಎಡೆ ಇಕ್ತೀರಲ್ಲ, ಲಿಂಗಂಗೆ ಅಂತ ಇಕ್ಕು. ಎಡೆ ಎತ್ತುದ್ ಮೇಲೆ ಮನೆಯೋರು ತಗೋಬೇಕು. ಬ್ಯಾಡ ಅನ್ನಕ್ಕೆ ಯಾರ್ಗೆ ಬಾಯದೆ? ಜೊತೇಲಿ ಕುಡುದೋನು ಅಂತ ನಂಗೂ ಅರ್ಧ ಲೋಟ ಬುಡ್ತೀರಾ.”

ಯೋಜನೆ ಘನವಾಗಿತ್ತು. ಆ ಸೀಮೆಯಲ್ಲಿ ಭಾದ್ರಪದದ ಅಮಾವಾಸ್ಯೆಯಂದು ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಮಾಂಸ ಇಷ್ಟಪಟ್ಟವನಿಗೆ ಮಾಂಸ, ಬೀಡಿ ಸೇದುತ್ತಿದ್ದವನಿಗೆ ಬೀಡಿ, ಹೆಂಡ ಕುಡಿಯುತ್ತಿದ್ದವನಿಗೆ ಹೆಂಡ. ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಉಂಡು ಹೋದ ಮೇಲೆ ಉಳಿದದ್ದು ಮನೆಯವರಿಗೆ. ಅದನ್ನು ಬಾಯಿಗಿಟ್ಟ ಹೆಂಗಸನ್ನು ಯಾವ ಊರೂ ಆಡಿಕೊಳ್ಳುವುದಿಲ್ಲ.

ಯೋಜನೆಯಲ್ಲಿ ಒಂದು ತೂತು ಇತ್ತು. ಇಪ್ಪತ್ಮೂರು ವರ್ಷ ಅದರ ಪಕ್ಕದಲ್ಲೇ ಓಡಾಡಿ ಎಲ್ಲರಿಗೂ ಅಭ್ಯಾಸವಾಗಿತ್ತು. ಬಿರಡೆಯ ಸಂಭ್ರಮದಲ್ಲಿ ಯಾರಿಗೂ ತೂತು ಕಾಣಲಿಲ್ಲ.

ಅಡ್ಡಿ ಮಾಡಿದವನು ಚಲುವರಾಜು ಒಬ್ಬನೇ. ಆ ಬೇಸಿಗೆಯಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಲು ಹೋಗಿ, ಲಾಠಿ ಏಟಿನ ಗುರುತು ಮತ್ತು ಖಾದಿ ಟೋಪಿ ಎರಡನ್ನೂ ತಂದಿದ್ದ. ಅಂದಿನಿಂದ ಕೇರಿ ಕೇರಿ ತಿರುಗಿ, ಹೆಂಡ ಮುಟ್ಟುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

“ಕೆಂಪಣ್ಣ, ಎಬ್ಬೆಟ್ಟು ಒತ್ತೀಯ, ಗ್ಯಾಪ್ಕ ಇರ್ಲಿ.”

“ಒತ್ತಿರೋನು ನಾನು. ಎಡೆ ಇಕ್ಕೋದು ಲಿಂಗಂಗೆ. ಅವ್ನೆಲ್ಲಿ ಒತ್ತವ್ನೆ?”

“ಅದು ಪರದೇಸಿ ಮಾಲು.”

“ಲಿಂಗನೂ ಪರದೇಸದಲ್ಲೇ ಅವ್ನೆ ಕಣ್ಲಾ. ಅವ್ನಿಗೆ ಅದೇ ಸ್ವದೇಸಿ.”

ಚಲುವರಾಜು ಟೋಪಿ ತೆಗೆದು ತಲೆ ಕೆರೆದುಕೊಂಡ. “ಆಗ್ಲಿ. ಆದ್ರೆ ಏನ್ ನಡೀತದೆ ಅಂತ ನಾನೂ ಬಂದು ನೋಡ್ಬೇಕು,” ಎಂದ. ಅಮಾವಾಸ್ಯೆಯ ಸಂಜೆ ಬಂದ. ನೋಡುವುದಕ್ಕೆ ಅನುಕೂಲವಾಗಲೆಂದು ಕಂಕುಳಲ್ಲಿ ಒಂದು ಲೋಟವನ್ನೂ ತಂದಿದ್ದ.

ನಡುಮನೆಯಲ್ಲಿ ನಾಲ್ಕು ಬಾಳೆಲೆ. ಕಡುಬು, ಕೋಳಿಸಾರು, ವಡೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಮಡಿಸಿಟ್ಟ ಹೊಸ ಪಂಚೆ. ಕೊನೆಯ ಎಲೆಯ ಮೇಲೆ ಬಾಟ್ಲಿ, ಕೊರಳಿಗೆ ಚೆಂಡುಹೂವಿನ ಸರ. ಚಿಕ್ಕನಂಜಮ್ಮ ತಲೆಗೆ ಎರೆದುಕೊಂಡು ಕುಂಕುಮ ಇಟ್ಟಿದ್ದಳು. ಕೈತುಂಬ ಹಸಿರು ಗಾಜಿನ ಬಳೆ. ಕೆಂಪಸಿದ್ದಯ್ಯ ಬಾಟ್ಲಿಯ ಮುಂದೆ ಕೂತು ತಂತಿ ಸಡಿಲಿಸತೊಡಗಿದ. ಒಳಗೆ ಏನೋ ಉಸಿರಾಡಿದಂತಾಯಿತು. ಬಿರಡೆಯ ಅಂಚಿನಿಂದ ಒಂದು ಕಪ್ಪು ಹನಿ ಒಸರಿ ಅವನ ಹೆಬ್ಬೆರಳಿಗೆ ಅಂಟಿತು. ಹಿರಿಯರಿಗೆ ಮುಂಚೆ ನೆಕ್ಕುವಂತಿಲ್ಲ. ಅವನು ಬೆರಳನ್ನು ಹಾಗೇ ಎತ್ತಿ ಹಿಡಿದ.

ಲಿಂಗಯ್ಯನ ದೊಡ್ಡಪ್ಪ ದೊಡ್ಡಸಿದ್ದಯ್ಯ ಒಂದೊಂದು ಎಲೆಯ ಮುಂದೆಯೂ ನೀರು ಬಿಟ್ಟು ಹೆಸರು ಕೂಗಿದ. ಲಿಂಗಯ್ಯನ ಅಪ್ಪ ಕರಿಸಿದ್ದಯ್ಯ, ಅವ್ವ ಚಿಕ್ಕಮಾದಮ್ಮ, ತಮ್ಮ ಶಿವಯ್ಯ. ಕೊನೆಯ ಎಲೆಗೆ ಬಂದು ಚೆಂಬು ನಿಂತಿತು.

“ಇದ್ಯಾರ್ ಎಲೆ?”

“ಲಿಂಗಂದು,” ಎಂದ ಕೆಂಪಸಿದ್ದಯ್ಯ.

“ಲಿಂಗನ್ ತಿಥಿ ಎಂದಾಯ್ತು?”

ಕೇರಿಯಲ್ಲಿ ಯಾರೂ ಲಿಂಗಯ್ಯನ ತಿಥಿ ಊಟ ಉಂಡಿರಲಿಲ್ಲ.

“ತಿಥಿ ಆಗ್ದೋನು ಹಿರೀಕರ ಸಾಲ್ಗೆ ಸೇರಾಕಿಲ್ಲ. ಬದ್ಕಿರೋನ ಎಸ್ರು ಇಲ್ಲಿ ಕೂಗುದ್ರೆ ಅದು ಎಡೆಯಲ್ಲ, ಸಾಪ.”

“ಇಪ್ಪತ್ಮೂರ್ ವರ್ಸ ಆಯ್ತಲ್ಲ ದೊಡ್ಡಯ್ಯ,” ಎಂದ ಕೆಂಪಸಿದ್ದಯ್ಯ.

“ನೂರಾಗ್ಲಿ. ವರ್ಸ ಆಯ್ತು ಅಂತ ಯಾರ್ನೂ ಸಾಯ್ಸಕ್ಕಾಯ್ತದಾ? ಸರ್ಕಾರದ್ ಕಾಗ್ದ ಬಂದಿತ್ತಲ್ಲ, ತತ್ತಾ ನೋಡಾನ.”

ಚಿಕ್ಕನಂಜಮ್ಮ ತಗಡಿನ ಡಬ್ಬಿಯಿಂದ ಕಾಗದ ತಂದಳು. ಇಂಗ್ಲಿಷು ಬಲ್ಲವನು ಚಲುವರಾಜು. ಲೋಟ ಕೆಳಗಿಟ್ಟು, ದೀಪದ ಹತ್ತಿರ ಹಿಡಿದು ಓದಿ ಹೇಳಿದ. ಇನ್ನೂರ ಹನ್ನೆರಡನೇ ನಂಬರಿನ ಹೇಸರಗತ್ತೆ ಮೃತಪಟ್ಟಿದೆ, ಮೇಲಧಿಕಾರಿ ಖುದ್ದು ಪರಿಶೀಲಿಸಿ ದೃಢಪಡಿಸಿದ್ದಾರೆ. ಸದರಿ ಹೇಸರಗತ್ತೆಯ ಚಾಲಕ ಲಿಂಗಯ್ಯ ಕಾಣೆ.

ಕತ್ತೆ ಸರ್ಕಾರದ್ದು, ಲಿಂಗಯ್ಯ ಚಿಕ್ಕನಂಜಮ್ಮನವನು. ಸರ್ಕಾರ ತನ್ನದರ ವಿಚಾರಣೆ ಮುಗಿಸಿಕೊಂಡು, ಅವಳದನ್ನು ಅವಳಿಗೇ ಬಿಟ್ಟಿತ್ತು.

“ಅಂಗಾರೆ ಆ ಕತ್ತೆಗೇ ಇಕ್ಬುಡಿ,” ಎಂದಳು ಬಾಗಿಲಲ್ಲಿದ್ದ ಮರಿತಾಯಮ್ಮ. “ಪಾಪ, ಅದ್ಕೂ ಬಾಯಾರಿರ್ತದೆ.” ಹೊರಗೆ ನಿಂತವರು ನಕ್ಕರು. ಹೇಳಿದವಳು ನಗದೆ ಸೆರಗು ಬಾಯಿಗಿಟ್ಟುಕೊಂಡಳು.

ದೊಡ್ಡಸಿದ್ದಯ್ಯ ಕೆಂಪಸಿದ್ದಯ್ಯನ ಕಡೆ ತಿರುಗಿದ. ಅವನ ದನಿ ಇಳಿದಿತ್ತು. “ಒಂದ್ ದಾರಿ ಅದೆ ಕಣಪ್ಪ. ಜೊತೇಲಿದ್ದೋನು ನೀನು. ಸತ್ತುದ್ದ ಕಣ್ಣಾರೆ ಕಂಡೆ ಅಂತ ಹಿರೀಕರ ಮುಂದೆ ಒಂದ್ ಮಾತು ಯೋಳು. ಈಗ್ಲೇ ನೀರು ಬುಡ್ತೀನಿ. ಅವ್ಳು ಬಳೆ ತಗೀತಾಳೆ. ಎಸ್ರು ಕೂಗ್ತೀನಿ. ನೀ ಬಿರಡೆ ಕೀಳು.”

ಒಂದು ಮಾತು. ಆ ಮಾತಿನಾಚೆ ಸೀದ ಬೆಲ್ಲ, ಒಣದ್ರಾಕ್ಷಿ, ಲವಂಗವೋ ಏಲಕ್ಕಿಯೋ ಎಂಬುದರ ತೀರ್ಮಾನ, ಚಿಕ್ಕನಂಜಮ್ಮನ ಕೈಯಲ್ಲಿ ಅರ್ಧ ಲೋಟ, ತನ್ನ ಕೈಯಲ್ಲಿ ಅರ್ಧ. ಅಗುಳಿ ಕೂಡ ಸಡಿಲವಾದರೆ ಆದೀತು. ಲಿಂಗಯ್ಯ ಸತ್ತಿದ್ದಾನೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಯಾರಿಗೂ ಇರಲಿಲ್ಲ.

“ಯೋಳಣ್ಣ,” ಎಂದಳು ಚಿಕ್ಕನಂಜಮ್ಮ. “ಕಂಡಿದ್ರೆ ಯೋಳು.”

ಅವಳ ಬಲಗೈ ಎಡಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿತ್ತು. ಒಂದು ಬಳೆ ಚಿಟ್ ಎಂದಿತು. ಒಡೆಯಲಿಲ್ಲ.

ಕೆಂಪಸಿದ್ದಯ್ಯ ಬಾಯಲ್ಲಿ ಊರಿದ್ದ ನೀರು ನುಂಗಿದ. “ಮಂಜಿತ್ತು,” ಎಂದ. “ಬಿಟ್ ಮೇಲೆ ನೋಡ್ದೆ. ಕತ್ತೆ ಬಿದ್ದಿದ್ದ ಕಂಡೆ. ಲಿಂಗನ್ನ ಕಾಣ್ನಿಲ್ಲ.”

ಅವಳು ಬಳೆ ಬಿಟ್ಟಳು.

ದೊಡ್ಡಸಿದ್ದಯ್ಯ ನಾಲ್ಕನೇ ಎಲೆ ಮಡಿಸಿ ಪಕ್ಕಕ್ಕಿಟ್ಟ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತರು, ಮಿಕ್ಕ ಮೂವರು ಹಿರಿಯರು ಉಂಡರು. ಎಡೆ ಎತ್ತಿದ ಮೇಲೆ ಕೆಂಪಸಿದ್ದಯ್ಯ ಬಾಟ್ಲಿಗೆ ಕೈ ಚಾಚಿದ.

“ಎಲ್ಗ್ಲಾ?” ಎಂದ ದೊಡ್ಡಸಿದ್ದಯ್ಯ. “ಲಿಂಗಂಗೆ ಅಂತ ಎಲೆ ಮೇಲೆ ಇಕ್ಕಾಗದೆ. ಅದೀಗ ಅವ್ನ್ ಮೀಸಲು. ಅವ್ನು ಮುಟ್ಟಗಂಟ ಬ್ಯಾರೆ ಯಾರೂ ಬಾಯ್ಗಿಕ್ಕಂಗಿಲ್ಲ.”

“ಅವ್ನು ಬಂದ್ರೆ?”

“ಕುಡೀಲಿ.”

“ಸತ್ತ ಅಂತ ಗೊತ್ತಾದ್ರೆ?”

“ಎಡೆ ಇಕ್ಕಾನ. ಆಮೇಲೆ ನೀವು ಕುಡೀರಿ.”

“ಎರ್ಡೂ ಆಗ್ದಿದ್ರೆ?”

ದೊಡ್ಡಸಿದ್ದಯ್ಯ ಖಾಲಿ ಚೆಂಬನ್ನು ನೆಲಕ್ಕಿಟ್ಟ. “ಅದ್ಕೆ ಸಾಸ್ತ್ರ ಮಾಡಿಲ್ಲ ಕಣಪ್ಪ,” ಎಂದ.

ಚಲುವರಾಜು ಲೋಟವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟ. ಚಿಕ್ಕನಂಜಮ್ಮ ತಂತಿಯನ್ನು ತಾನೇ ಮತ್ತೆ ಬಿಗಿದು, ಬಾಟ್ಲಿಯನ್ನು ಬೆಣ್ಣೆ ಗಡಿಗೆ ತೂಗುಹಾಕುವ ನೆಲುವಿನಲ್ಲಿ ಕೂರಿಸಿದಳು. ತೊಲೆಯಡಿಯಲ್ಲಿ ಸ್ವಾಮಿ ಒಂದು ಸುತ್ತು ತಿರುಗಿ ಗೋಡೆಗೆ ಮುಖ ಮಾಡಿ ನಿಂತರು.

ಜಗಲಿಯ ಮೇಲೆ ಕೆಂಪಸಿದ್ದಯ್ಯ ಇನ್ನೂ ಹೆಬ್ಬೆರಳು ಎತ್ತಿಕೊಂಡೇ ಕೂತಿದ್ದ. ಚಿಕ್ಕನಂಜಮ್ಮ ನೀರಿನ ಚೆಂಬು ಹಿಡಿದು ಬಂದು ಸ್ವಲ್ಪ ದೂರದಲ್ಲಿ ಕೂತಳು.

“ಎಂಗಿತ್ತು ಅಂತ ಇನ್ನೊಂದ್ ಕಿತ ಯೋಳಣ್ಣ.”

“ಮೊದ್ಲು ಒಣದ್ರಾಕ್ಸಿ,” ಎಂದ. ನಿಂತ. “ಇಲ್ಲ, ರೊಟ್ಟಿ.”

“ಅಲ್ಲ ಕಣಣ್ಣ. ಮೊದ್ಲು ಸೀದೋದ್ ಬೆಲ್ಲ. ಅದು ಕರಗೋಕ್ ಮುಂಚೆ ಒಣದ್ರಾಕ್ಸಿ. ಅದ್ರ್ ಬೆನ್ನಿಗೆ ಹಳೇ ಉಣ್ಸೆಹಣ್ಣು, ಇದ್ರೂ ಇಲ್ದಂಗೆ. ಆಮೇಲೆ ರಾಗಿರೊಟ್ಟಿ, ಅಂಚು ಕರ್ಕಾಗಿರೋದು. ಗಂಟ್ಲಲ್ಲಿ ಲವಂಗ. ಏಲಕ್ಕಿ ಅಲ್ಲ.”

ಅವನು ಕಣ್ಣು ಮುಚ್ಚಿ ಕೇಳಿದ. ತನ್ನ ಬಾಯಿಂದ ಹೋದದ್ದೆಲ್ಲ ಅವಳ ಬಾಯಲ್ಲಿ ಕ್ರಮವಾಗಿ, ಒಂದೂ ಕೆಡದೆ ಇತ್ತು. ಹೆಬ್ಬೆರಳಿನಿಂದ ಏನೋ ವಾಸನೆ ಬರುತ್ತಿತ್ತು.

“ಆಮೇಲೆ ಕಹಿ, ಪಕ್ಕದಲ್ ಬಂದು ಕೂತ್ಕೊಳೋದು,” ಎಂದಳು ಚಿಕ್ಕನಂಜಮ್ಮ. “ಕೊನೇಲಿ ಬಿಸಿ.”

ಅವಳು ಅವನ ಎತ್ತಿದ ಹೆಬ್ಬೆರಳನ್ನು ನೋಡಿದಳು.

“ಬೆರಳಲ್ಲಿರೋದೂ ಮೀಸಲೇ ಅಲ್ವಾ ಅಣ್ಣ?”

“ಊಂ,” ಎಂದ ಕೆಂಪಸಿದ್ದಯ್ಯ.

“ಕೈ ನೀಡು,” ಎಂದು ಅವಳು ಚೆಂಬು ಬಗ್ಗಿಸಿ ಅವನ ಹೆಬ್ಬೆರಳಿನ ಮೇಲೆ ನೀರು ಬಿಟ್ಟಳು.